ಹಲ್ಲೂ ಇದೆ, ಕಡಲೆಯೂ ಇದೆ

ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಲೋಕದ ಕೊರತೆಗಳನ್ನೆಲ್ಲ ಈ ಗಾದೆ ಎರಡು ಪಂಗಡಗಳಾಗಿ ವಿಂಗಡಿಸಿಬಿಟ್ಟಿದೆ. ಆದರೆ ಮೂರನೆಯ ಪಂಗಡದ ಕೊರತೆಯೊಂದುಂಟು. ಹಲ್ಲು ಗಟ್ಟಿಯಾಗಿರುತ್ತದೆ, ಕಡಲೆಯೂ ಎದುರಿಗೇ ಇರುತ್ತದೆ. ಆದರೆ ಕಡಲೆಯನ್ನು ಎತ್ತಿ ಬಾಯಿಗಿಡುವ ಕೈ ಇರುವುದಿಲ್ಲ. ಆ ಕೈ ಕಣ್ಣಿಗೆ ಕಾಣದಂಥದಾಗಿದ್ದರಂತೂ ಕೊರತೆ ಎಲ್ಲಿದೆಯೆಂಬುದೇ ಯಾರಿಗೂ ತಿಳಿಯದು. ಪರೀಕ್ಷಿಸಲು ಬಂದವರು ಹಲ್ಲನ್ನು ಎಣಿಸುತ್ತಾರೆ, ಕಡಲೆಯನ್ನು ಅಳೆಯುತ್ತಾರೆ, ಎರಡೂ ಸರಿಯಾಗಿವೆಯೆಂದು ಬರೆದುಕೊಟ್ಟು ಹೊರಟುಹೋಗುತ್ತಾರೆ. ಕಡಲೆ ಮಾತ್ರ ತಿನ್ನುವವರಿಲ್ಲದೆ ದಿನದಿನಕ್ಕೂ ರಾಶಿ ಬೀಳುತ್ತಲೇ ಇರುತ್ತದೆ.

ಮಾನವನ ಮಿದುಳಿನಲ್ಲಿ ಇಂಥ ಕೈಯೊಂದುಂಟು. ಅದು ಒಂದು ಸಣ್ಣ ಪ್ರೋಟೀನು. ಅದರ ಹೆಸರು ಜಿ.ಎಂ.೨ ಆಕ್ಟಿವೇಟರ್, ಎಂದರೆ ಜಿ.ಎಂ.೨ ಪ್ರಚೋದಕ. ಅದು ಇದೆಯೆಂಬುದು ನೂರರಲ್ಲಿ ತೊಂಬತ್ತೊಂಬತ್ತು ಮಂದಿಗೆ ಜೀವಮಾನದಲ್ಲಿ ಒಮ್ಮೆಯೂ ತಿಳಿಯುವ ಪ್ರಸಂಗ ಬರುವುದಿಲ್ಲ. ಅದು ಇಲ್ಲದ ಮಗು ಹುಟ್ಟಿದ ಮನೆಯಲ್ಲಿ ಮಾತ್ರ ಅದರ ಬೆಲೆ ಎಷ್ಟೆಂಬುದು ತಿಳಿಯುತ್ತದೆ. ತಿಳಿಯುವ ಹೊತ್ತಿಗೆ ಕಾಲ ಮೀರಿರುತ್ತದೆ.

ಈ ಪ್ರೋಟೀನಿನ ಕಥೆ ಆರಂಭವಾಗುವುದು ಕಣ್ಣಿನ ವೈದ್ಯರೊಬ್ಬರಿಂದ. ೧೮೮೧ರಲ್ಲಿ ಲಂಡನ್ ನಗರದ ನೇತ್ರವೈದ್ಯ ವಾರೆನ್ ಟೇ ಎಂಬವರು ಒಂದು ವರ್ಷದ ಶಿಶುವೊಂದರ ಕಣ್ಣನ್ನು ಪರೀಕ್ಷಿಸಿದರು. ಶಿಶು ಕತ್ತನ್ನು ನೆಟ್ಟಗೆ ನಿಲ್ಲಿಸಲಾರದಷ್ಟು ದುರ್ಬಲವಾಗಿದ್ದಿತು. ಅದರ ಅಕ್ಷಿಪಟದ ನಡುವೆ, ಬಿಳಿಚಿದ ಸುತ್ತಿನ ಮಧ್ಯದಲ್ಲಿ, ಚೆರಿ ಹಣ್ಣಿನ ಬಣ್ಣದ ಕೆಂಪು ಚುಕ್ಕೆಯೊಂದು ಕಂಡಿತು. ಆರು ವರ್ಷಗಳ ಅನಂತರ, ೧೮೮೭ರಲ್ಲಿ, ನ್ಯೂಯಾರ್ಕಿನ ನರರೋಗತಜ್ಞ ಬರ್ನಾರ್ಡ್ ಸ್ಯಾಕ್ಸ್ ಅದೇ ಬಗೆಯ ಮಗುವೊಂದರ ಮಿದುಳನ್ನು ವರ್ಣಿಸಿದರು. ಈ ಕಾಯಿಲೆ ಒಂದೇ ಕುಟುಂಬದ ಮಕ್ಕಳಲ್ಲಿ ಮರುಕಳಿಸುತ್ತದೆ, ಪೂರ್ವ ಯೂರೋಪಿನಿಂದ ಬಂದ ಯಹೂದ್ಯರ ಮನೆಗಳಲ್ಲಿ ಹೆಚ್ಚಾಗಿ ಕಾಣುತ್ತದೆ ಎಂಬುದನ್ನು ಅವರು ಗುರುತಿಸಿದರು. ಇಬ್ಬರ ಹೆಸರೂ ಸೇರಿ ಅದು ಟೇ–ಸ್ಯಾಕ್ಸ್ ರೋಗವೆನಿಸಿತು.

ಈ ರೋಗದ ಕ್ರೌರ್ಯವಿರುವುದು ಅದು ಬರುವ ರೀತಿಯಲ್ಲಿ. ಹುಟ್ಟಿದಾಗ ಮಗು ಎಲ್ಲ ಮಕ್ಕಳಂತೆಯೇ ಇರುತ್ತದೆ. ಹಾಲು ಕುಡಿಯುತ್ತದೆ, ನಗುತ್ತದೆ, ತಾಯಿಯ ಮುಖವನ್ನು ಗುರುತಿಸುತ್ತದೆ. ನಾಲ್ಕಾರು ತಿಂಗಳು ತುಂಬುವ ವೇಳೆಗೆ ಒಂದು ಸಣ್ಣ ವಿಚಿತ್ರ ಕಾಣಿಸಿಕೊಳ್ಳುತ್ತದೆ: ಬಾಗಿಲು ಹಾಕಿದ ಸದ್ದಿಗೆ, ಪಾತ್ರೆ ಬಿದ್ದ ಸದ್ದಿಗೆ, ಮಗು ಅತಿಯಾಗಿ ಬೆಚ್ಚಿಬೀಳುತ್ತದೆ. ಮನೆಯ ಹಿರಿಯರು ಭಯವಾಗಿದೆಯೆಂದು ದೃಷ್ಟಿ ತೆಗೆಯುತ್ತಾರೆ. ಅನಂತರ ಮಗು ಕಲಿತುದನ್ನು ಒಂದೊಂದಾಗಿ ಮರೆಯತೊಡಗುತ್ತದೆ. ಮಗುಚಿಕೊಳ್ಳುತ್ತಿದ್ದುದು ಮಗುಚಿಕೊಳ್ಳುವುದಿಲ್ಲ, ಕುಳಿತುಕೊಳ್ಳುತ್ತಿದ್ದುದು ಕುಳಿತುಕೊಳ್ಳುವುದಿಲ್ಲ. ಕೈಕಾಲು ಸೋಲುತ್ತವೆ, ದೃಷ್ಟಿ ನಂದುತ್ತದೆ, ಸೆಳವು ಬರುತ್ತದೆ. ಸಾಮಾನ್ಯವಾಗಿ ನಾಲ್ಕೈದು ವರ್ಷ ತುಂಬುವುದರೊಳಗೆ ಎಲ್ಲವೂ ಮುಗಿದುಹೋಗುತ್ತದೆ.

ಹೀಗೇಕೆ ಆಗುತ್ತದೆ ಎಂಬುದನ್ನು ತಿಳಿಯಲು ವೈದ್ಯಶಾಸ್ತ್ರಕ್ಕೆ ಎಂಬತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಸತ್ತ ಮಕ್ಕಳ ಮಿದುಳಿನ ನರಕೋಶಗಳು ಯಾವುದೋ ಜಿಡ್ಡಿನ ಪದಾರ್ಥದಿಂದ ತುಂಬಿ ಬಲೂನಿನಂತೆ ಊದಿಕೊಂಡಿದ್ದುದು ಮೊದಲಿನಿಂದಲೂ ಕಂಡಿದ್ದಿತು. ಜರ್ಮನಿಯ ರಸಾಯನವಿಜ್ಞಾನಿ ಅರ್ನ್‌ಸ್ಟ್ ಕ್ಲೆಂಕ್ ಅವರು ಈ ಜಾತಿಯ ಪದಾರ್ಥಗಳಿಗೆ ೧೯೪೨ರಲ್ಲಿ ಗ್ಯಾಂಗ್ಲಿಯೊಸೈಡ್ ಎಂದು ಹೆಸರಿಟ್ಟರು. ಅವುಗಳಿಗೆ ಕೊಬ್ಬಿನ ಬಾಲವೂ ಸಕ್ಕರೆಗಳ ತಲೆಯೂ ಉಂಟು. ಬಾಲವು ನರಕೋಶದ ಪೊರೆಯಲ್ಲಿ ಹುದುಗಿರುತ್ತದೆ; ತಲೆ ಹೊರಗೆ ಇಣುಕುತ್ತಿರುತ್ತದೆ. ಟೇ–ಸ್ಯಾಕ್ಸ್ ರೋಗದಲ್ಲಿ ಶೇಖರವಾಗುವ ಗ್ಯಾಂಗ್ಲಿಯೊಸೈಡಿನ ರಚನೆಯನ್ನು ಸ್ವೀಡನ್ನಿನ ಲಾರ್ಸ್ ಸ್ವೆನ್ನರ್‌ಹೋಮ್ ಅವರು ೧೯೬೨ರಲ್ಲಿ ಬಿಡಿಸಿ ತೋರಿಸಿದರು. ಅದಕ್ಕೆ ಜಿ.ಎಂ.೨ ಎಂಬ ಸಂಕೇತನಾಮ ಬಂದಿತು.

ಜಿ.ಎಂ.೨ ವಿಷವೇನೂ ಅಲ್ಲ. ಆರೋಗ್ಯವಂತನ ಮಿದುಳಿನಲ್ಲಿಯೂ ಅದು ಹುಟ್ಟುತ್ತದೆ. ಶರೀರದಲ್ಲಿ ಯಾವುದೂ ಕಟ್ಟಿದ ಹಾಗೆಯೇ ಬಹುಕಾಲ ಇರುವುದಿಲ್ಲ. ಹಳೆಯದನ್ನು ಕಳಚಿ ಹೊಸದನ್ನು ಕಟ್ಟುವ ಕೆಲಸ ಸದಾ ನಡೆದಿರುತ್ತದೆ. ಕಳಚುವ ಕೆಲಸ ನಡೆಯುವುದು ಕೋಶದೊಳಗಿನ ಲೈಸೊಸೋಮ್ ಎಂಬ ಸಣ್ಣ ಚೀಲಗಳಲ್ಲಿ. ಬೆಲ್ಜಿಯಮ್ಮಿನ ಕ್ರಿಸ್ಟಿಯನ್ ಡಿ ಡ್ಯೂವ್ ಅವರು ೧೯೫೫ರಲ್ಲಿ ಈ ಚೀಲಗಳನ್ನು ಹೆಸರಿಸಿ ಬೆಳಕಿಗೆ ತಂದರು. ೧೯೭೪ರಲ್ಲಿ ಅವರಿಗೆ ನೊಬೆಲ್ ಬಹುಮಾನವೂ ದೊರೆಯಿತು. ಲೈಸೊಸೋಮಿನ ಒಳಗೆ ಹತ್ತಾರು ಕಿಣ್ವಗಳಿವೆ. ಒಂದೊಂದು ಕಿಣ್ವಕ್ಕೂ ಒಂದೊಂದೇ ಕೆಲಸ. ಒಬ್ಬ ಬಡಗಿ ಮೊಳೆ ಕೀಳುತ್ತಾನೆ, ಇನ್ನೊಬ್ಬ ಹಲಗೆ ಬಿಚ್ಚುತ್ತಾನೆ ಎಂಬಂತೆ ಅವು ಸರದಿಯ ಪ್ರಕಾರ ಕೆಲಸ ಮಾಡುತ್ತವೆ. ಮೊದಲನೆಯವನು ಬಾರದಿದ್ದರೆ ಎರಡನೆಯವನಿಗೆ ಕೆಲಸವಿಲ್ಲ. ಒಡೆಯಬೇಕಾದ ಸಾಮಾನು ಅಂಗಳದಲ್ಲಿ ಒಟ್ಟುತ್ತ ಹೋಗುತ್ತದೆ.

ಜಿ.ಎಂ.೨ರ ತಲೆಯ ತುದಿಯಲ್ಲಿರುವ ಸಕ್ಕರೆಯನ್ನು ಕತ್ತರಿಸಬೇಕಾದ ಕಿಣ್ವಕ್ಕೆ ಹೆಕ್ಸೊಸಮಿನಿಡೇಸ್ ಎಂದು ಹೆಸರು. ಇದು ಎರಡು ರೂಪಗಳಲ್ಲಿದೆಯೆಂದು ೧೯೬೮ರಲ್ಲಿ ತಿಳಿದುಬಂದಿತು: ಒಂದು ಎ, ಇನ್ನೊಂದು ಬಿ. ಮರುವರ್ಷವೇ, ೧೯೬೯ರಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಶಿಂತಾರೊ ಒಕಾಡಾ ಮತ್ತು ಜಾನ್ ಓಬ್ರಿಯನ್ ಅವರು ಟೇ–ಸ್ಯಾಕ್ಸ್ ಮಕ್ಕಳಲ್ಲಿ ಎ ರೂಪ ಇಲ್ಲವೇ ಇಲ್ಲ ಎಂಬುದನ್ನು ತೋರಿಸಿಕೊಟ್ಟರು. ಇದಕ್ಕೆ ಸ್ವಲ್ಪ ಮುಂಚೆ, ಜರ್ಮನಿಯ ಮ್ಯೂನಿಕ್ ನಗರದಲ್ಲಿ ಕಾನ್ರಾಡ್ ಸ್ಯಾಂಡ್‌ಹಾಫ್ ಎಂಬ ತರುಣ ವಿಜ್ಞಾನಿ ತಮ್ಮ ಸಂಗಡಿಗರೊಡನೆ, ಎ ಮತ್ತು ಬಿ ಎರಡೂ ಇಲ್ಲದ ಮಗುವೊಂದರ ವಿಚಾರವನ್ನು ಪ್ರಕಟಿಸಿದ್ದರು. ಈಗ ಆ ರೋಗಕ್ಕೆ ಅವರ ಹೆಸರೇ ನಿಂತಿದೆ.

ಕಾರಣ ತಿಳಿದುದರಿಂದ ಪರೀಕ್ಷೆಯೂ ಸಾಧ್ಯವಾಯಿತು. ಎ ರೂಪವು ಕಾವಿಗೆ ಹಾಳಾಗುತ್ತದೆ, ಬಿ ರೂಪವು ತಡೆದುಕೊಳ್ಳುತ್ತದೆ. ಆದುದರಿಂದ ರಕ್ತದ ಸೀರಮ್ಮನ್ನು ಬಿಸಿ ಮಾಡುವ ಮೊದಲು ಒಮ್ಮೆ, ಮಾಡಿದ ಮೇಲೆ ಒಮ್ಮೆ ಅಳೆದರೆ ಎ ಎಷ್ಟಿದ್ದಿತೆಂಬ ಲೆಕ್ಕ ಸಿಕ್ಕುತ್ತದೆ. ರೋಗಿಗಳನ್ನಷ್ಟೇ ಅಲ್ಲದೆ, ತಾವು ಆರೋಗ್ಯವಾಗಿದ್ದು ದೋಷವನ್ನು ಮಕ್ಕಳಿಗೆ ದಾಟಿಸಬಲ್ಲ ವಾಹಕರನ್ನೂ ಇದರಿಂದ ಗುರುತಿಸಬಹುದು. ಪೂರ್ವ ಯೂರೋಪು ಮೂಲದ ಯಹೂದ್ಯರಲ್ಲಿ ಸುಮಾರು ಮೂವತ್ತು ಮಂದಿಗೆ ಒಬ್ಬರು ವಾಹಕರು. ೧೯೭೧ರಲ್ಲಿ ಮೈಕೇಲ್ ಕಾಬ್ಯಾಕ್ ಎಂಬ ವೈದ್ಯರ ನೇತೃತ್ವದಲ್ಲಿ ಅಮೆರಿಕದ ಬಾಲ್ಟಿಮೋರ್ ಮತ್ತು ವಾಷಿಂಗ್ಟನ್ ಪ್ರದೇಶದ ಯಹೂದ್ಯರಲ್ಲಿ ಸಾಮೂಹಿಕ ಪರೀಕ್ಷೆ ಆರಂಭವಾಯಿತು. ನಾಲ್ವರು ಮಕ್ಕಳನ್ನು ಈ ರೋಗಕ್ಕೆ ಒಪ್ಪಿಸಿದ ಜೋಸೆಫ್ ಎಕ್‌ಸ್ಟೈನ್ ಎಂಬ ಧರ್ಮಗುರುಗಳು ೧೯೮೩ರಲ್ಲಿ ನ್ಯೂಯಾರ್ಕಿನಲ್ಲಿ ಡೋರ್ ಯೆಶೋರಿಮ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಅಲ್ಲಿ ಹುಡುಗ ಹುಡುಗಿಯರ ರಕ್ತ ಪರೀಕ್ಷಿಸಿ ಹೆಸರಿನ ಬದಲು ಒಂದೊಂದು ಸಂಖ್ಯೆ ಕೊಡುತ್ತಾರೆ. ಸಂಬಂಧ ಕುದುರುವ ಮೊದಲು ಎರಡು ಸಂಖ್ಯೆಗಳನ್ನೂ ತಿಳಿಸಿದರೆ ಹೊಂದುತ್ತದೆಯೋ ಇಲ್ಲವೋ ಎಂಬ ಉತ್ತರ ಬರುತ್ತದೆ. ಜಾತಕ ಹಿಡಿದು ಸಾಲಾವಳಿ ನೋಡಿಸುವ ಮನೆಗಳಿಗೆ ಈ ಪದ್ಧತಿ ಅಪರಿಚಿತವೆನಿಸಲಾರದು. ಇಲ್ಲಿ ನಕ್ಷತ್ರದ ಬದಲು ರಕ್ತವನ್ನು ನೋಡುತ್ತಾರೆ, ಅಷ್ಟೆ. ಇಂಥ ಪ್ರಯತ್ನಗಳ ಫಲವಾಗಿ ಉತ್ತರ ಅಮೆರಿಕದ ಯಹೂದ್ಯರಲ್ಲಿ ಈ ರೋಗದಿಂದ ಹುಟ್ಟುವ ಮಕ್ಕಳ ಸಂಖ್ಯೆ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಭಾಗ ಇಳಿದುಹೋಯಿತು.

ಇಷ್ಟಾದ ಮೇಲೆ ಪ್ರಕರಣ ಮುಗಿಯಿತೆಂದು ಯಾರಾದರೂ ಭಾವಿಸಿದ್ದರೆ ತಪ್ಪಲ್ಲ. ಆದರೆ ಮ್ಯೂನಿಕ್ಕಿನ ಪ್ರಯೋಗಶಾಲೆಯಲ್ಲಿ ಮುಗಿಯದ ಒಗಟೊಂದು ಉಳಿದಿದ್ದಿತು. ೧೯೭೧ರಲ್ಲಿ ಸ್ಯಾಂಡ್‌ಹಾಫ್ ಮತ್ತು ಸಂಗಡಿಗರು ಈ ರೋಗದ ಮೂರು ಬಗೆಗಳನ್ನು ವಿಂಗಡಿಸಿದರು. ಅವರು ಹೆಸರಿಟ್ಟುದು ಇಲ್ಲದುದರಿಂದ ಅಲ್ಲ, ಉಳಿದುದರಿಂದ. ಎ ಇಲ್ಲದೆ ಬಿ ಮಾತ್ರ ಉಳಿದಿರುವುದು ಬಿ ಬಗೆ, ಅದೇ ಟೇ–ಸ್ಯಾಕ್ಸ್. ಎರಡೂ ಇಲ್ಲದಿರುವುದು ಸೊನ್ನೆ ಬಗೆ. ಮೂರನೆಯದು ಎ.ಬಿ. ಬಗೆ; ಎಂದರೆ ಎರಡೂ ಇವೆ! ಮಗು ಟೇ–ಸ್ಯಾಕ್ಸ್ ರೋಗದ ಮಗುವಿನಂತೆಯೇ ಬೆಚ್ಚುತ್ತದೆ, ಕುರುಡಾಗುತ್ತದೆ, ಸಾಯುತ್ತದೆ. ಮಿದುಳಿನಲ್ಲಿ ಜಿ.ಎಂ.೨ ರಾಶಿ ಬಿದ್ದಿದೆ. ಆದರೆ ಅದನ್ನು ಕತ್ತರಿಸಬೇಕಾದ ಕಿಣ್ವ ಕೊರತೆಯಿಲ್ಲದೆ ಇದೆ. ಪ್ರಯೋಗಶಾಲೆಯ ನಳಿಕೆಯಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಹಲ್ಲೂ ಇದೆ, ಕಡಲೆಯೂ ಇದೆ.

ಉತ್ತರದ ಸುಳಿವು ಅದೇ ಪ್ರಯೋಗಶಾಲೆಯ ಹಳೆಯ ಕಡತದಲ್ಲಿಯೇ ಇದ್ದಿತು. ಸ್ಯಾಂಡ್‌ಹಾಫ್ ಅವರ ಗುರುಗಳಾದ ಹಾರ್ಸ್ಟ್ ಯಾಟ್ಜ್‌ಕೆವಿಟ್ಸ್ ಮತ್ತು ಅವರ ಸಹೋದ್ಯೋಗಿ ಮೆಲ್ ಅವರು ೧೯೬೪ರಲ್ಲಿ ಹಂದಿಯ ಮೂತ್ರಪಿಂಡದಿಂದ ಬೇರೊಂದು ಲೈಸೊಸೋಮ್ ಕಿಣ್ವವನ್ನು ತೆಗೆಯುತ್ತಿದ್ದಾಗ, ಕಿಣ್ವವೊಂದೇ ಇದ್ದರೆ ತನ್ನ ಸಹಜವಾದ ಕೊಬ್ಬನ್ನು ಅದು ಒಡೆಯಲಾರದು, ಜೊತೆಯಲ್ಲಿ ಮತ್ತೊಂದು ಅಂಶ ಬೇಕು, ಆ ಅಂಶ ಕಾವಿಗೂ ಜಗ್ಗುವುದಿಲ್ಲ ಎಂಬುದನ್ನು ಕಂಡಿದ್ದರು. ಮುಂದೆ ೧೯೭೩ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ ಲೀ ದಂಪತಿಗಳು ಇಂಥ ಸಹಾಯಕ ಅಂಶವೊಂದನ್ನು ಮಾನವನ ಯಕೃತ್ತಿನಲ್ಲಿಯೂ ಗುರುತಿಸಿದರು. ಕೊಬ್ಬನ್ನು ಒಡೆಯುವ ಕೆಲಸದಲ್ಲಿ ಕಿಣ್ವಕ್ಕೆ ಒಬ್ಬ ಜೊತೆಗಾರ ಬೇಕೆಂಬ ವಿಚಾರ ಹೀಗೆ ಬಲಗೊಳ್ಳುತ್ತಿದ್ದಿತು.

೧೯೭೮ರಲ್ಲಿ ಅರ್ನ್‌ಸ್ಟ್ ಕಾನ್‌ಜೆಲ್‌ಮನ್ ಮತ್ತು ಸ್ಯಾಂಡ್‌ಹಾಫ್ ಅವರು ಒಗಟನ್ನು ಬಿಡಿಸಿದರು. ಅವರ ಪ್ರಯೋಗದ ತಿರುಳನ್ನು ಅಡುಗೆಮನೆಯ ಭಾಷೆಯಲ್ಲಿಯೂ ಹೇಳಬಹುದು. ಎರಡು ಮನೆಗಳಲ್ಲಿ ಹುಳಿ ಕೆಟ್ಟಿದೆ. ಒಂದರಲ್ಲಿ ಹುಣಿಸೆಯ ದೋಷ, ಇನ್ನೊಂದರಲ್ಲಿ ಬೇಳೆಯ ದೋಷ. ಯಾವುದು ಯಾವುದೆಂದು ತಿಳಿಯಬೇಕಾದರೆ ಒಂದು ಮನೆಯ ಹುಣಿಸೆಯನ್ನು ಇನ್ನೊಂದು ಮನೆಯ ಬೇಳೆಗೆ ಹಾಕಿ ನೋಡಬೇಕು. ಎ.ಬಿ. ಬಗೆಯ ಮಗುವಿನ ಅಂಗಾಂಶದ ಸಾರಕ್ಕೆ ಇತರರ ಅಂಗಾಂಶದಿಂದ ತೆಗೆದ ಸಹಾಯಕ ಅಂಶವನ್ನು ಬೆರೆಸಿದಾಗ, ಅದುವರೆಗೆ ಸುಮ್ಮನಿದ್ದ ಕಿಣ್ವ ಜಿ.ಎಂ.೨ನ್ನು ಒಡೆಯತೊಡಗಿತು. ಆ ಮಗುವಿನ ಅಂಗಾಂಶದಲ್ಲಿ ಮಾತ್ರ ಅಂಥ ಸಹಾಯಕ ಅಂಶ ಸಿಕ್ಕಲಿಲ್ಲ. ಕಿಣ್ವದ ಮೇಲೆ ಹೊರಿಸಿದ್ದ ಅಪವಾದ ಅಂದಿಗೆ ಕಳೆಯಿತು. ಇಲ್ಲದುದು ಕಿಣ್ವವಲ್ಲ, ಕಿಣ್ವಕ್ಕೆ ಕೆಲಸವನ್ನು ಒದಗಿಸಿಕೊಡುವ ಪ್ರೋಟೀನು. ಶರೀರದಲ್ಲಿ ಎಲ್ಲ ಕಿಣ್ವಗಳೂ ಇದ್ದು, ಪ್ರಚೋದಕವೊಂದಿಲ್ಲದುದರಿಂದಲೇ ಮಾರಕವಾದ ಆನುವಂಶಿಕ ರೋಗವುಂಟಾಗಬಹುದೆಂಬ ಸತ್ಯ ಹೀಗೆ ಹೊರಬಿದ್ದಿತು.

ಈ ಪ್ರೋಟೀನು ಮಾಡುವುದಾದರೂ ಏನು? ಕಿಣ್ವವು ನೀರಿನಲ್ಲಿ ಓಡಾಡುವ ಪದಾರ್ಥ, ಜಿ.ಎಂ.೨ ಪೊರೆಯ ಕೊಬ್ಬಿನಲ್ಲಿ ಹೂತುಕೊಂಡಿರುವ ಪದಾರ್ಥ. ಅದರ ಸಕ್ಕರೆಯ ತಲೆ ಗಿಡ್ಡ. ಪೊರೆಯ ಮೇಲಕ್ಕೆ ಸಾಕಷ್ಟು ಚಾಚಿಕೊಂಡಿರುವುದಿಲ್ಲ. ದೊಡ್ಡ ಮೈಯ ಕಿಣ್ವಕ್ಕೆ ಅದನ್ನು ಹಿಡಿದು ಕತ್ತರಿಸುವಷ್ಟು ಹತ್ತಿರ ಹೋಗಲು ಎಡೆಯಿಲ್ಲ. ಇಲ್ಲಿ ಪ್ರಚೋದಕ ನೆರವಿಗೆ ಬರುತ್ತದೆ. ಅದರ ಆಕಾರ ಹೇಗಿದೆಯೆಂಬುದು ೨೦೦೦ದಲ್ಲಿ ಸ್ಫಟಿಕಗಳ ಮೇಲೆ ಕ್ಷ-ಕಿರಣ ಹಾಯಿಸಿ ನಡೆಸಿದ ಅಧ್ಯಯನದಿಂದ ಗೊತ್ತಾಯಿತು. ಎಂಟು ಎಳೆಗಳು ಸೇರಿ ಹೆಣೆದ ಬಟ್ಟಲು ಅದು. ಮುತ್ತುಗದೆಲೆಯ ದೊನ್ನೆಯಂತೆ ಒಳಗೆ ಟೊಳ್ಳು. ದೊನ್ನೆಯ ಒಳಮೈ ಕೊಬ್ಬಿಗೆ ಒಗ್ಗುವಂಥದು, ಹೊರಮೈ ನೀರಿಗೆ ಒಗ್ಗುವಂಥದು. ಅದು ಪೊರೆಯ ಬಳಿ ಬಂದು ಒಂದು ಜಿ.ಎಂ.೨ ಕಣದ ಕೊಬ್ಬಿನ ಬಾಲವನ್ನು ತನ್ನ ಹೊಟ್ಟೆಯೊಳಕ್ಕೆ ಎಳೆದುಕೊಂಡು, ಸಕ್ಕರೆಯ ತಲೆಯನ್ನು ಹೊರಗೆ ಬಿಟ್ಟು, ಕಿಣ್ವದ ಮುಂದೆ ಹಿಡಿಯುತ್ತದೆ. ಕಿಣ್ವ ತುದಿಯ ಸಕ್ಕರೆಯನ್ನು ಕತ್ತರಿಸುತ್ತದೆ. ಕೆಲಸ ಮುಗಿದ ಮೇಲೆ ದೊನ್ನೆ ಬರಿದಾಗಿ ಮತ್ತೊಂದು ಕಣವನ್ನು ತರಲು ಹಿಂದಿರುಗುತ್ತದೆ. ಪ್ರಚೋದಕವು ತಾನಾಗಿ ಏನನ್ನೂ ಕತ್ತರಿಸುವುದಿಲ್ಲ. ಅದರ ಕೆಲಸವೆಲ್ಲ ಎತ್ತಿಕೊಡುವುದು, ಹಿಡಿದು ನಿಲ್ಲುವುದು.

ಇಂಥ ದೊನ್ನೆಯನ್ನು ಹೆಣೆಯುವ ವಿಧಾನ ಬರೆದಿರುವುದು ಒಂದು ಜೀನಿನಲ್ಲಿ. ಮಾನವನ ಇಪ್ಪತ್ತಮೂರು ಜೊತೆ ವರ್ಣತಂತುಗಳ ಪೈಕಿ ಐದನೆಯದರ ಉದ್ದನೆಯ ತೋಳಿನಲ್ಲಿ ಅದರ ಸ್ಥಾನ. ಅದಕ್ಕೆ ಜಿ.ಎಂ.೨ಎ ಎಂದು ಹೆಸರು. ಪಾಠವು ನಾಲ್ಕು ತುಂಡುಗಳಾಗಿ, ನಡುನಡುವೆ ಅರ್ಥವಿಲ್ಲದ ಭಾಗಗಳನ್ನು ಬಿಟ್ಟು ಬರೆಯಲ್ಪಟ್ಟಿದೆ. ಅದನ್ನು ಓದಿಕೊಂಡು ಕೋಶವು ೧೯೩ ಅಮೈನೊ ಆಮ್ಲಗಳ ಸರವೊಂದನ್ನು ಪೋಣಿಸುತ್ತದೆ. ಸರದ ಮೊದಲ ಭಾಗ ಅಂಚೆಯ ಲಕೋಟೆಯ ಮೇಲಿನ ವಿಳಾಸದಂತೆ, ಪ್ರೋಟೀನನ್ನು ತಕ್ಕ ದಾರಿಗೆ ಹಚ್ಚುವುದಕ್ಕಾಗಿ ಇದೆ. ಗುರಿ ಮುಟ್ಟುವಷ್ಟರಲ್ಲಿ ಮುಂದಿನ ೩೧ ಅಮೈನೊ ಆಮ್ಲಗಳು ಕತ್ತರಿಸಲ್ಪಟ್ಟು ೧೬೨ ಉಳಿಯುತ್ತವೆ. ಸರದಲ್ಲಿ ಸಿಸ್ಟೀನ್ ಎಂಬ ಅಮೈನೊ ಆಮ್ಲ ಎಂಟು ಕಡೆ ಬರುತ್ತದೆ. ಈ ಎಂಟೂ ಎರಡೆರಡಾಗಿ ಕೈ ಹಿಡಿದು ನಾಲ್ಕು ಕೊಂಡಿಗಳಾಗುತ್ತವೆ. ದೊನ್ನೆಗೆ ಚುಚ್ಚಿದ ಕಡ್ಡಿಗಳಂತೆ ಅವು ಬಟ್ಟಲಿನ ಆಕಾರ ಬಿಚ್ಚಿಹೋಗದಂತೆ ಹಿಡಿದಿರುತ್ತವೆ.

೧೯೯೧ರಲ್ಲಿ ಎ.ಬಿ. ಬಗೆಯ ರೋಗಿಯೊಬ್ಬರಲ್ಲಿ ಈ ಜೀನಿನ ದೋಷ ಮೊತ್ತಮೊದಲು ಪತ್ತೆಯಾಯಿತು. ಇಡೀ ಪಾಠದಲ್ಲಿ ತಪ್ಪಿದ್ದುದು ಒಂದೇ ಒಂದು ಅಕ್ಷರ. ಆ ಅಕ್ಷರ ತಪ್ಪಿದುದರಿಂದ ೧೩೮ನೆಯ ಸ್ಥಾನದಲ್ಲಿ ಸಿಸ್ಟೀನ್ ಬರಬೇಕಾದ ಕಡೆ ಆರ್ಜಿನೀನ್ ಬಂದಿದ್ದಿತು. ಕಡ್ಡಿಯೊಂದು ಜಾರಿದ ದೊನ್ನೆ ದೊನ್ನೆಯಾಗಿ ನಿಲ್ಲಲಾರದಷ್ಟೆ. ಕಾಗುಣಿತದಲ್ಲಿ ಒಂದು ಕೊಂಬು ತಪ್ಪಿದರೆ ಅರ್ಥ ಅನರ್ಥವಾಗುವುದನ್ನು ಮಕ್ಕಳಿಗೆ ಹೇಳಿಕೊಡುವ ಉಪಾಧ್ಯಾಯರು ಬಲ್ಲರು. ಇಲ್ಲಿ ಒಂದು ಅಕ್ಷರ ತಪ್ಪಿದುದಕ್ಕೆ ತೆತ್ತ ಬೆಲೆ ಒಂದು ಜೀವ.

ಈ ಅಕ್ಷರದೋಷ ಮನೆಗೆ ಬರುವ ದಾರಿಯನ್ನು ಪ್ರತಿಯೊಂದು ಕುಟುಂಬವೂ ತಿಳಿದಿರುವುದು ಒಳ್ಳೆಯದು. ಪ್ರತಿ ಜೀನಿನ ಎರಡು ಪ್ರತಿಗಳು ಪ್ರತಿಯೊಬ್ಬರಲ್ಲಿಯೂ ಇರುತ್ತವೆ. ಒಂದು ತಾಯಿಯಿಂದ ಬಂದುದು, ಒಂದು ತಂದೆಯಿಂದ ಬಂದುದು. ಒಂದು ಪ್ರತಿ ಕೆಟ್ಟಿದ್ದರೂ ಇನ್ನೊಂದು ಸಾಕು. ಅಂಥವರು ವಾಹಕರಾಗಿ ಆರೋಗ್ಯದಿಂದಲೇ ಬಾಳುತ್ತಾರೆ. ವಾಹಕರಾದ ಗಂಡುಹೆಣ್ಣು ಮದುವೆಯಾದರೆ ಪ್ರತಿಯೊಂದು ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಒಂದು ಮಗುವಿಗೆ ಬಂದುಹೋಯಿತು, ಇನ್ನು ಮೂರು ಮಕ್ಕಳಿಗೆ ಚಿಂತೆಯಿಲ್ಲ ಎಂದು ಕೆಲವರು ಭಾವಿಸುವುದುಂಟು. ಅದು ತಪ್ಪು ಲೆಕ್ಕ. ಪ್ರತಿ ಬಸುರಿನಲ್ಲಿಯೂ ಕವಡೆ ಹೊಸದಾಗಿ ಬೀಳುತ್ತದೆ. ಹಿಂದಿನ ಆಟದ ನೆನಪು ಕವಡೆಗಿಲ್ಲ.

ಇದು ತಾಯಿಯ ತಪ್ಪೂ ಅಲ್ಲ, ತಂದೆಯ ತಪ್ಪೂ ಅಲ್ಲ. ಬಸುರಿಯಾಗಿದ್ದಾಗ ತಿಂದುದರಿಂದಾಗಲಿ, ಗ್ರಹಣ ನೋಡಿದುದರಿಂದಾಗಲಿ ಬಂದುದಲ್ಲ. ಇಬ್ಬರಲ್ಲಿಯೂ ಸಮಸಮವಾಗಿ ಇದ್ದುದು ಮಗುವಿನಲ್ಲಿ ಕೂಡಿಕೊಂಡಿದೆ. ಹಾಗಿರುವಾಗ ಸೊಸೆಯೊಬ್ಬಳನ್ನೇ ನಿಂದಿಸುವುದು ಅನ್ಯಾಯವಷ್ಟೇ ಅಲ್ಲ, ಅಜ್ಞಾನವೂ ಹೌದು.

ದೋಷವು ಅಪರೂಪದ್ದಾಗಿದ್ದಷ್ಟೂ ರಕ್ತಸಂಬಂಧದ ಮದುವೆಗಳಲ್ಲಿ ಅದು ಬೆಳಕಿಗೆ ಬರುವ ಸಂಭವ ಹೆಚ್ಚು. ದಾರಿಹೋಕರಿಬ್ಬರಲ್ಲಿ ಅದೇ ಜೀನಿನ ದೋಷ ಇರುವುದು ಅತಿ ವಿರಳ. ಆದರೆ ಒಂದೇ ಅಜ್ಜನ ಮೊಮ್ಮಕ್ಕಳಲ್ಲಿ ಅದು ಒಂದೇ ಮೂಲದಿಂದ ಹರಿದು ಬಂದಿರಬಹುದು. ಕರ್ನಾಟಕದಲ್ಲಿ ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವುದೂ, ಅತ್ತೆಯ ಮಗನಿಗೆ ಮಾವನ ಮಗಳನ್ನು ತರುವುದೂ ಹಿಂದಿನಿಂದ ನಡೆದುಬಂದಿದೆ. ಲೆಕ್ಕ ಹೀಗಿದೆ: ಮಾವ ವಾಹಕನಾಗಿದ್ದರೆ ಅದೇ ದೋಷ ಅಕ್ಕನ ಮಗಳಲ್ಲಿಯೂ ಇರುವ ಸಂಭವ ನಾಲ್ಕರಲ್ಲಿ ಒಂದು, ಅತ್ತೆ ಮಾವಂದಿರ ಮಕ್ಕಳಲ್ಲಿ ಎಂಟರಲ್ಲಿ ಒಂದು. ಇದರಿಂದ ಸೋದರಿಕೆಯ ಮದುವೆಗಳೆಲ್ಲ ಕೆಡುಕೇ ಎಂದು ಹೇಳುವಂತಿಲ್ಲ. ಅಂಥ ದಂಪತಿಗಳಲ್ಲಿ ಬಹುಮಂದಿಗೆ ಆರೋಗ್ಯವಂತ ಮಕ್ಕಳೇ ಹುಟ್ಟುತ್ತಾರೆ. ಆದರೆ ಕುಟುಂಬದಲ್ಲಿ ಕಾರಣ ತಿಳಿಯದೆ ಶಿಶುಗಳು ಬಾಡಿಹೋಗಿದ್ದಲ್ಲಿ, ಸಂಬಂಧ ಬೆಳೆಸುವ ಮುಂಚೆ ಆ ವಿಷಯವನ್ನು ಮುಚ್ಚಿಡದೆ ವೈದ್ಯರ ಮುಂದಿಡುವುದು ವಿವೇಕ.

ಟೇ–ಸ್ಯಾಕ್ಸ್ ಯಹೂದ್ಯರಿಗೆ ಮಾತ್ರ ಬರುವ ರೋಗವೆಂಬ ಭಾವನೆ ಬಹುಕಾಲ ಇದ್ದಿತು. ಗುಜರಾತಿನ ಹಲವು ಕುಟುಂಬಗಳ ರೋಗಿಗಳಲ್ಲಿ ಎ ಕಿಣ್ವದ ಜೀನಿನ ಒಂದೇ ತೆರನಾದ ದೋಷ ಮರುಕಳಿಸಿರುವುದನ್ನು ಭಾರತದ ಸಂಶೋಧಕರು ೨೦೧೨ರಲ್ಲಿ ವರದಿ ಮಾಡಿದರು. ೨೦೧೬ರಲ್ಲಿ ಎ.ಬಿ. ಬಗೆಯ ರೋಗವೂ, ಅದಕ್ಕೆ ಕಾರಣವಾದ, ಹಿಂದೆ ಎಲ್ಲಿಯೂ ಕಾಣದಿದ್ದ ದೋಷವೊಂದೂ ಭಾರತದಿಂದಲೇ ವರದಿಯಾಯಿತು. ಎ.ಬಿ. ಬಗೆ ಜಗತ್ತಿನಲ್ಲೆಲ್ಲ ಅತ್ಯಂತ ವಿರಳವೆಂಬುದು ನಿಜ. ಆದರೆ ವಿರಳವಾಗಿ ಕಾಣುವುದಕ್ಕೆ ಮತ್ತೊಂದು ಕಾರಣವೂ ಸೇರಿಕೊಳ್ಳುತ್ತದೆ. ಅದು ಪರೀಕ್ಷೆಯ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ.

ಇದು ಈ ಕಥೆಯ ಅತಿ ಮುಖ್ಯವಾದ ಭಾಗ. ಪ್ರಯೋಗಶಾಲೆಗಳಲ್ಲಿ ಹೆಕ್ಸೊಸಮಿನಿಡೇಸನ್ನು ಅಳೆಯಲು ಸಹಜವಾದ ಜಿ.ಎಂ.೨ನ್ನು ಬಳಸುವುದು ವಾಡಿಕೆಯಲ್ಲ. ಅದಕ್ಕೆ ಬದಲಾಗಿ ನೀರಿನಲ್ಲಿ ಕರಗುವ ಕೃತಕ ಪದಾರ್ಥವೊಂದನ್ನು ಕೊಡುತ್ತಾರೆ. ಕಿಣ್ವ ಅದನ್ನು ಒಡೆದಾಗ ನೀಲಿ ಹೊಳಪು ಬರುತ್ತದೆ. ಹೊಳಪನ್ನು ಅಳೆದರೆ ಕಿಣ್ವದ ಶಕ್ತಿ ತಿಳಿಯುತ್ತದೆ. ಉಪಾಯ ಚೆನ್ನಾಗಿದೆ. ಆದರೆ ನೀರಿನಲ್ಲಿ ಕರಗಿರುವುದನ್ನು ಹಿಡಿಯಲು ಕಿಣ್ವಕ್ಕೆ ಯಾರ ನೆರವೂ ಬೇಕಿಲ್ಲ. ಎತ್ತಿಕೊಡುವ ಕೈ ಇದೆಯೋ ಇಲ್ಲವೋ ಎಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ಕಡಲೆಯನ್ನು ನೇರವಾಗಿ ಬಾಯಿಗೆ ಹಾಕಿ, ಅಗಿಯುವುದನ್ನು ನೋಡಿ, ಈತನಿಗೆ ಊಟಕ್ಕೆ ತೊಂದರೆಯಿಲ್ಲ ಎಂದು ಬರೆದುಕೊಟ್ಟಂತೆ ಆಯಿತು. ಹೀಗಾಗಿ ಎ.ಬಿ. ಬಗೆಯ ಮಗುವಿನ ವರದಿಯಲ್ಲಿ ‘ಸಹಜ’ ಎಂಬ ಮಾತೇ ಇರುತ್ತದೆ. ತಂದೆತಾಯಿಗಳು ಆ ಹಾಳೆಯನ್ನು ಹಿಡಿದುಕೊಂಡು ಮನೆಗೆ ಬರುತ್ತಾರೆ. ವರದಿ ಸುಳ್ಳಲ್ಲ; ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರವನ್ನೇ ಅದು ಕೊಟ್ಟಿದೆ. ಪ್ರಶ್ನೆಯೇ ಅರ್ಧವಾಗಿದ್ದಿತು. ಅಷ್ಟರಲ್ಲಿ ಮತ್ತೊಂದು ಮಗುವಿನ ಆಸೆ ಚಿಗುರಿದರೆ, ನಾಲ್ಕರಲ್ಲಿ ಒಂದು ಎಂಬ ಕವಡೆಯಾಟ ಅವರಿಗೆ ಅರಿವಿಲ್ಲದೆಯೇ ಮತ್ತೆ ನಡೆದುಹೋಗುತ್ತದೆ.

ಆದುದರಿಂದ ಮಗುವಿನ ಕಣ್ಣಿನಲ್ಲಿ ಕೆಂಪು ಚುಕ್ಕೆ ಕಂಡು, ಸದ್ದಿಗೆ ಬೆಚ್ಚುವಿಕೆ, ಕಲಿತುದನ್ನು ಮರೆಯುವುದು ಮೊದಲಾದ ಲಕ್ಷಣಗಳಿದ್ದು, ಕಿಣ್ವದ ಪರೀಕ್ಷೆ ಸಹಜವೆಂದು ಬಂದಾಗ, ಅಲ್ಲಿಗೆ ನಿಲ್ಲದೆ ಜಿ.ಎಂ.೨ಎ ಜೀನಿನ ಅಕ್ಷರಗಳನ್ನೇ ಓದಿಸುವುದು ಅಗತ್ಯ. ಇಂದು ರಕ್ತದಿಂದ ಡಿ.ಎನ್.ಎ. ತೆಗೆದು ಜೀನನ್ನು ಓದುವ ವ್ಯವಸ್ಥೆ ಭಾರತದ ದೊಡ್ಡ ನಗರಗಳಲ್ಲಿ ಇದೆ. ದೋಷ ಒಮ್ಮೆ ಗೊತ್ತಾದರೆ ಮುಂದಿನ ಬಸುರಿನಲ್ಲಿ ಮೊದಲ ತಿಂಗಳುಗಳಲ್ಲಿಯೇ ಪರೀಕ್ಷಿಸಬಹುದು. ಅಣ್ಣತಮ್ಮಂದಿರು, ಅಕ್ಕತಂಗಿಯರು ತಾವು ವಾಹಕರೋ ಅಲ್ಲವೋ ಎಂಬುದನ್ನು ಮದುವೆಗೆ ಮುಂಚೆಯೇ ತಿಳಿದುಕೊಳ್ಳಬಹುದು.

ರೋಗವನ್ನು ಗುಣಪಡಿಸುವ ಔಷಧಿ ಇನ್ನೂ ದೊರೆತಿಲ್ಲ. ಸೆಳವನ್ನು ಹತೋಟಿಯಲ್ಲಿಡುವುದು, ನುಂಗಲಾರದ ಮಗುವಿಗೆ ಆಹಾರ ಒದಗಿಸುವುದು, ನೋವಿಲ್ಲದಂತೆ ನೋಡಿಕೊಳ್ಳುವುದು, ಇಷ್ಟೇ ಈಗ ಆಗುವ ಕೆಲಸ. ನಿರಪಾಯಕಾರಿ ವೈರಸ್ಸಿನ ಬೆನ್ನಿನ ಮೇಲೆ ಒಳ್ಳೆಯ ಜೀನನ್ನು ಏರಿಸಿ ಮಿದುಳಿಗೆ ಸಾಗಿಸುವ ಪ್ರಯತ್ನ ನಡೆದಿದೆ. ಟೇ–ಸ್ಯಾಕ್ಸ್ ರೋಗದ ಇಬ್ಬರು ಮಕ್ಕಳಿಗೆ ಅಮೆರಿಕದಲ್ಲಿ ಈ ಚಿಕಿತ್ಸೆ ನೀಡಿದ ವರದಿ ೨೦೨೨ರಲ್ಲಿ ಪ್ರಕಟವಾಯಿತು. ಮಕ್ಕಳು ಚಿಕಿತ್ಸೆಯನ್ನು ತಡೆದುಕೊಂಡರು. ಆದರೆ ರೋಗ ಗುಣವಾಯಿತೆನ್ನುವಂತಿಲ್ಲ. ಅಲ್ಲಿ ಸಾಗಿಸಿದುದು ಕಿಣ್ವದ ಜೀನುಗಳನ್ನು. ಎ.ಬಿ. ಬಗೆಯ ಮಗುವಿಗೆ ಅದರಿಂದ ಪ್ರಯೋಜನವಿಲ್ಲ. ಹಲ್ಲಿರುವವನಿಗೆ ಇನ್ನಷ್ಟು ಹಲ್ಲು ಕೊಟ್ಟಂತೆ. ಅದಕ್ಕೆ ಬೇಕಾದುದು ಜಿ.ಎಂ.೨ಎ ಜೀನು. ಅದನ್ನು ಇಲಿಗಳಿಗೆ ಕೊಟ್ಟು ಪರೀಕ್ಷಿಸುವ ಕೆಲಸ ಕೆನಡಾದಲ್ಲಿ ನಡೆದಿದೆ. ಸರಿಯಾದ ಚಿಕಿತ್ಸೆ ಬಂದ ದಿನವೂ, ಮೂರು ಬಗೆಗಳಲ್ಲಿ ಮಗುವಿನದು ಯಾವುದೆಂದು ಮೊದಲು ತಿಳಿದಿದ್ದರೆ ಮಾತ್ರ ಅದು ಕೈಗೂಡೀತು.

ಮನೆಯಲ್ಲಿಯೇ ಆಗಲಿ, ಕಚೇರಿಯಲ್ಲಿಯೇ ಆಗಲಿ, ಕೆಲಸ ಕೆಟ್ಟಾಗ ಮೊದಲು ಬೈಗುಳ ಬೀಳುವುದು ಕಣ್ಣಿಗೆ ಕಾಣುವ ಕೆಲಸಗಾರನ ಮೇಲೆ. ಅವನಿಗೆ ಸಾಮಾನು ತಂದುಕೊಡುವವನು ಬಂದಿದ್ದನೇ ಎಂದು ವಿಚಾರಿಸುವವರು ಕಡಮೆ. ಕಾನ್‌ಜೆಲ್‌ಮನ್ ಮತ್ತು ಸ್ಯಾಂಡ್‌ಹಾಫ್ ಅವರು ಆ ಪ್ರಶ್ನೆಯನ್ನು ಕೇಳಿದರು. ಕಿಣ್ವ ಸರಿಯಾಗಿದೆಯೆಂಬ ಉತ್ತರ ಬಂದ ಮೇಲೆಯೂ ಅವರು ಕಡತವನ್ನು ಮುಚ್ಚಲಿಲ್ಲ. ಏಕೆಂದರೆ ಮಕ್ಕಳು ಸಾಯುವುದು ನಿಂತಿರಲಿಲ್ಲ. ವರದಿಯ ಹಾಳೆಗಿಂತ ತೊಟ್ಟಿಲಿನಲ್ಲಿರುವ ಮಗುವಿನ ಸಾಕ್ಷ್ಯ ದೊಡ್ಡದು. ಆರು ತಿಂಗಳಲ್ಲಿ ಕುಳಿತುಕೊಳ್ಳುತ್ತಿದ್ದ ಕೂಸು ಎಂಟನೆಯ ತಿಂಗಳಲ್ಲಿ ಕುಳಿತುಕೊಳ್ಳಲಾರದೆಂದು ತಾಯಿ ಹೇಳಿದಾಗ, ಹಾಳೆಯಲ್ಲಿ ಏನೇ ಬರೆದಿರಲಿ, ಇನ್ನೊಂದು ಪ್ರಶ್ನೆ ಕೇಳುವುದು ಉಳಿದಿದೆಯೆಂದೇ ವೈದ್ಯರೂ ಮನೆಯವರೂ ತಿಳಿಯಬೇಕು.